ರಷ್ಯನ್ನರಿಗೆ ಇಂಗ್ಲಿಷ್ ಉಚ್ಚಾರ: ಪದದ ತುದಿಯಿಂದ ಶುರುಮಾಡಿ

ರಷ್ಯನ್ ಮಾತೃಭಾಷೆಯವರಿಗೆ ಇಂಗ್ಲಿಷ್ ಕಲಿಸುವವರು ‘ಥ್ಯಾಂಕ್ ಯೂ’ ಪದದ ಮೊದಲ ಸದ್ದನ್ನೇ ಹಿಡಿದು ಕೂರುವುದುಂಟು. ಆದರೆ ‘ಸೆಂಕ್ ಯೂ’ ಅಂದರೂ ಎಲ್ಲರಿಗೂ ತಿಳಿಯುತ್ತದೆ. ನಿಜವಾಗಿ ಗೊಂದಲವಾಗುವುದು ಪದದ ತುದಿಯಲ್ಲಿ. ಆನ್‌ಲೈನ್ ಪಾಠ ಹೇಳುವ ಕನ್ನಡಿಗರು, ರಷ್ಯನ್ ಸಹೋದ್ಯೋಗಿಗಳಿಗೆ ನೆರವಾಗಬೇಕೆನ್ನುವವರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಮೊದಲು ಒಂದು ಪರೀಕ್ಷೆ. ಬ್ಯಾಡ್, ಬೆಡ್, ಬ್ಯಾಟ್, ಬೆಟ್: ಈ ನಾಲ್ಕು ಪದ ಓದಿಸಿ. ಹೊಸಬರ ಬಾಯಲ್ಲಿ ನಾಲ್ಕೂ ಹೆಚ್ಚುಕಡಿಮೆ ‘ಬೆಟ್’ ಆಗುತ್ತವೆ. ‘ಬ್ಯಾ’ದ ಸ್ವರ ರಷ್ಯನ್‌ನಲ್ಲಿ ಬೇರೆಯಾಗಿ ಇಲ್ಲ, ಅದು ‘ಬೆ’ಗೆ ಜಾರುತ್ತದೆ. ಜತೆಗೆ ಪದದ ಕೊನೆಗೆ ಬಂದ ಗ, ದ, ಬ ಅಲ್ಲಿ ಕ, ತ, ಪ ಆಗಿಬಿಡುತ್ತವೆ. ಬ್ರೆಡ್ಡಿಗೆ ಅವರು ‘ಖ್ಲೆಬ್’ ಎಂದು ಬರೆದು ‘ಖ್ಲೆಪ್’ ಎನ್ನುತ್ತಾರೆ. ವಿಭಕ್ತಿ ಸೇರಿ ‘ಖ್ಲೆಬ’ ಆದ ಕೂಡಲೇ ಬಕಾರ ಮರಳುತ್ತದೆ. ಅಂದರೆ ಮುಂದೊಂದು ಸ್ವರ ಸಿಕ್ಕರೆ ಅವರಿಗೆ ತೊಂದರೆಯೇ ಇಲ್ಲ.

ಇಲ್ಲಿ ನಮ್ಮ ಅಭ್ಯಾಸ ನೆರವಿಗೆ ಬರುತ್ತದೆ. ನಾವು ಹೇಳುವಂತೆ ‘ಬ್ಯಾಗು’ ಎಂದೇ ಹೇಳಿಸಿ. ಆಮೇಲೆ ಉಕಾರವನ್ನು ಪಿಸುಮಾತಿಗೆ ಇಳಿಸಿ, ಕೊನೆಗೆ ಪೂರ್ತಿ ಬಿಡಿಸಿ. ಇದಕ್ಕಿಂತಲೂ ಮುಖ್ಯ, ಹಿಂದಿನ ಸ್ವರವನ್ನು ಎಳೆಯುವುದು. ‘ಬ್ಯಾಕ್’ನ ಸ್ವರ ಚುಟುಕು, ‘ಬ್ಯಾಗ್’ನದು ಉದ್ದ, ಇಂಗ್ಲಿಷಿನವರ ಕಿವಿ ವ್ಯಂಜನಕ್ಕಿಂತ ಈ ಉದ್ದವನ್ನೇ ಹೆಚ್ಚು ನೆಚ್ಚುತ್ತದೆ. ಗಂಟಲ ಮೇಲೆ ಬೆರಳಿಟ್ಟು ಕೊನೆಯವರೆಗೂ ಕಂಪನ ಇದೆಯೇ ಎಂದು ಅವರೇ ನೋಡಿಕೊಳ್ಳಲಿ. ಇದು ಹಿಡಿತಕ್ಕೆ ಬರುವ ತನಕ ಮುಂದಿನ ಪಾಠಕ್ಕೆ ಅವಸರಪಡಬೇಡಿ.

ನಂತರ ಹ್ರಸ್ವ, ದೀರ್ಘ. ರಷ್ಯನ್‌ನಲ್ಲಿ ಇ ಮತ್ತು ಈ ಎಂಬ ಭೇದವಿಲ್ಲ, ಹಾಗಾಗಿ ‘ಶಿಪ್’, ‘ಶೀಪ್’ ಎರಡೂ ಒಂದೇ ಆಗುತ್ತವೆ. ಬಿಡು–ಬೀಡು, ಕೊಡು–ಕೋಡು ಎಂದು ಹೇಳಿ ತೋರಿಸಿದರೆ ಅವರ ಕಿವಿ ಬೇಗ ಪಳಗುತ್ತದೆ. ಆದರೆ ಉದ್ದವೊಂದೇ ಸಾಲದು. ‘ಶಿಪ್’ ಎನ್ನುವಾಗ ನಾಲಿಗೆ ಸಡಿಲವಾಗಿ, ಎಕಾರದ ಕಡೆಗೆ ತುಸು ಇಳಿಯಬೇಕು.

ಮೂರನೆಯದರಲ್ಲಿ ಕಲಿಸುವವರೂ ಕಲಿಯಬೇಕಾದೀತು. ಇಂಗ್ಲಿಷಿನಲ್ಲಿ v, w ಎಂದು ಎರಡು ಸದ್ದು, ಅವರಂತೆ ನಮಗೂ ಇರುವುದು ಒಂದೇ ವಕಾರ. ‘ವೈನ್’ (wine) ಕುಡಿಯುವುದಾದರೆ ತುಟಿ ದುಂಡಾಗಿಸಿ ‘ಉಐನ್’ ಎಂದು ಶುರುವಾಗಬೇಕು, ಹಲ್ಲು ತಾಗಬಾರದು. ದ್ರಾಕ್ಷಿಬಳ್ಳಿ ಎಂಬರ್ಥದ ‘ವೈನ್’ (vine) ಆದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಲೇಬೇಕು. ಕನ್ನಡಿ ಮುಂದೆ ಇಬ್ಬರೂ ನಿಂತು ಮಾಡಿ.

‘ಥ್ಯಾಂಕ್’ನ ಸರದಿ ಈಗ. ನಮ್ಮ ಥಕಾರವನ್ನು ದಯವಿಟ್ಟು ಕಲಿಸಬೇಡಿ. ಅದು ಉಸಿರನ್ನು ತಡೆದು ಬಿಡುವ ಸದ್ದು. ನಾಲಿಗೆಯ ತುದಿ ಹಲ್ಲುಗಳ ನಡುವೆ ಇರಲಿ, ಉಸಿರು ನಿಲ್ಲದೆ ಹರಿಯಲಿ. ಹಕಾರವನ್ನು ಅವರು ಗಂಟಲು ಉಜ್ಜಿ ಹೇಳುತ್ತಾರೆ, ಕನ್ನಡಿಗೆ ಹಬೆ ಕೂರಿಸುವಂತೆ ಊದಿದರೆ ಸರಿಹೋಗುತ್ತದೆ.

ಕೊನೆಗೆ ಪ್ರಶ್ನೆಯ ರಾಗ. ‘ಆರ್ ಯೂ ಕಮಿಂಗ್?’ ಎನ್ನುವಾಗ ರಷ್ಯನ್ನರು ‘ಕ’ದ ಮೇಲೆ ದನಿ ಏರಿಸಿ ತಕ್ಷಣ ಇಳಿಸಿಬಿಡುತ್ತಾರೆ. ಕೇಳಿದವರಿಗೆ ಕೆಲವೊಮ್ಮೆ ಗದರಿದಂತೆ ಅನ್ನಿಸುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿ, ‘ಮಿಂಗ್’ ಮೇಲಕ್ಕೇರುವವರೆಗೆ ಮತ್ತೆ ಹೇಳಿಸಿ.