ಶಸ್ತ್ರಚಿಕಿತ್ಸೆಯ ನಂತರ ರಕ್ತಕ್ಕೆ ಸೋಂಕು ತಗಲದಂತೆ ನೋಡಿಕೊಳ್ಳುವ ಬಗೆ

ಚರ್ಮದ ಮೇಲೆ ಸದಾ ವಾಸಿಸುವ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತರಿಗೆ ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಶಸ್ತ್ರಚಿಕಿತ್ಸೆಯಿಂದ ಬಳಲಿದ ದೇಹದಲ್ಲಿ, ರಕ್ತನಾಳಕ್ಕೆ ಇಳಿಸಿದ ಪ್ಲಾಸ್ಟಿಕ್ ನಳಿಕೆಯ ಮೇಲೆ ಅದೇ ಜೀವಿ ಲೋಳೆಯಂಥ ಪೊರೆ ಕಟ್ಟಿಕೊಂಡು ನೆಲೆಸುತ್ತದೆ. ಆ ಪೊರೆಯೊಳಗೆ ಅಡಗಿದವನ್ನು ಔಷಧವಾಗಲಿ ಬಿಳಿ ರಕ್ತಕಣಗಳಾಗಲಿ ಸುಲಭವಾಗಿ ಕೊಲ್ಲಲಾರವು. ಇತರ ಬ್ಯಾಕ್ಟೀರಿಯಾಗಳಾದ ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್‌ಗಳೂ ಇಂಥ ಅವಕಾಶವನ್ನೇ ಬಳಸಿಕೊಳ್ಳುತ್ತವೆ.

ಆದ್ದರಿಂದ ರೋಗಿಯ ಬಳಿ ಇರುವವರು ಮೊದಲು ಮಾಡಬೇಕಾದದ್ದು ದೇಹಕ್ಕೆ ಹಾಕಿರುವ ನಳಿಕೆಗಳ ಲೆಕ್ಕ ಇಡುವುದು: ಡ್ರಿಪ್ ಕೊಡಲು ಕೈಗೆ ಹಾಕುವ ಕ್ಯಾನುಲಾ, ಕತ್ತಿನ ದೊಡ್ಡ ರಕ್ತನಾಳಕ್ಕೆ ಇಳಿಸುವ ಸೆಂಟ್ರಲ್ ಲೈನ್, ಮೂತ್ರದ ಕ್ಯಾತಿಟರ್, ಗಾಯದ ದ್ರವ ಹೊರತೆಗೆಯುವ ಡ್ರೇನ್. ಪ್ರತಿದಿನ ವೈದ್ಯರು ರೌಂಡ್ಸ್‌ಗೆ ಬಂದಾಗ, “ಡಾಕ್ಟ್ರೇ, ಇದು ಇನ್ನೂ ಬೇಕೇ?” ಎಂದು ಒಂದೊಂದನ್ನೂ ತೋರಿಸಿ ಕೇಳಿರಿ. ಕೇಳಲು ಸಂಕೋಚಪಡಬಾರದು. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಸೆಂಟ್ರಲ್ ಲೈನ್ ಸೋಂಕನ್ನು ಶೇ. 66ರವರೆಗೆ ಇಳಿಸಿದ, 2006ರಲ್ಲಿ ಪ್ರಕಟವಾದ ಪ್ರಯತ್ನದ ಐದು ಸರಳ ಕ್ರಮಗಳಲ್ಲಿ ಅಗತ್ಯವಿಲ್ಲದ ಲೈನನ್ನು ತೆಗೆದುಬಿಡುವುದೂ ಒಂದಾಗಿತ್ತು.

ರೋಗಿಯನ್ನಾಗಲಿ ನಳಿಕೆಯನ್ನಾಗಲಿ ಮುಟ್ಟುವ ಮುನ್ನ ಕೈ ಶುದ್ಧವಾಗಿರಬೇಕು. ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡು ಬೇಕು. ಹೆಬ್ಬೆರಳ ಬುಡ ಮತ್ತು ಉಗುರಿನ ತುದಿಗಳನ್ನೇ ಹೆಚ್ಚಿನವರು ಮರೆಯುತ್ತಾರೆ. ಇಂಜೆಕ್ಷನ್ ಕೊಡುವ ನರ್ಸ್, ಲೈನಿನ ಬಾಯನ್ನು ಆಲ್ಕೋಹಾಲ್ ಸ್ವಾಬ್‌ನಿಂದ ಸುಮಾರು 15 ಸೆಕೆಂಡು ಒತ್ತಿ ಉಜ್ಜಿ, ಒಣಗಲು ಬಿಟ್ಟು, ಅನಂತರವೇ ಸಿರಿಂಜ್ ಜೋಡಿಸಬೇಕು. ಅವಸರದಲ್ಲಿ ಒಮ್ಮೆ ಸವರಿ ಮುಗಿಸುವುದು ನನ್ನ ದೃಷ್ಟಿಯಲ್ಲಿ ಉಜ್ಜದೇ ಇರುವುದಕ್ಕೆ ಸಮ. ಪಾರದರ್ಶಕ ಡ್ರೆಸ್ಸಿಂಗ್‌ನ ಅಂಚು ಬೆವರಿಗೆ ಎದ್ದಿದ್ದರೆ, ಅಡಿಯಲ್ಲಿ ರಕ್ತ ಸೇರಿದ್ದರೆ, ಚರ್ಮ ಕೆಂಪಾಗಿದ್ದರೆ ಅಥವಾ ಒತ್ತಿದಾಗ ನೋವಾದರೆ ಆಗಲೇ ತಿಳಿಸಿರಿ. ನೀವಾಗಿ ಪ್ಲಾಸ್ಟರ್ ಅಂಟಿಸಿ ಸರಿಪಡಿಸಬೇಡಿರಿ. ಮೂತ್ರದ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗೆ ತೂಗುತ್ತಿರಬೇಕು, ನೆಲಕ್ಕೆ ತಾಗಬಾರದು.

ಇಷ್ಟಾದರೂ ಸೋಂಕು ಬರಬಹುದು. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಅದರಲ್ಲೂ ಡ್ರಿಪ್ ಹಾಕಿದ ಸ್ವಲ್ಪ ಹೊತ್ತಿಗೇ ಹಲ್ಲು ಕಟಕಟಿಸುವಂಥ ಚಳಿ, ಲೈನಿನಿಂದಲೇ ಬಂದಿರಬಹುದೆಂಬ ಸುಳಿವು. ವಯಸ್ಸಾದವರಲ್ಲಿ ಜ್ವರವೇ ಕಾಣದೆ, ಮೈ ತಣ್ಣಗಾಗಿ ಮಾತು ತಡವರಿಸುವುದೋ, ಮನೆಯವರ ಗುರುತು ಸಿಗದಿರುವುದೋ ಮೊದಲ ಲಕ್ಷಣವಾಗಬಹುದು. ಅದನ್ನು ಅರಿವಳಿಕೆಯ ಮಂಪರೆಂದು ತಳ್ಳಿಹಾಕಬೇಡಿರಿ. ಉಸಿರಾಟ ನಿಮಿಷಕ್ಕೆ 22 ಮುಟ್ಟಿದರೆ, ರಕ್ತದೊತ್ತಡ ಇಳಿದರೆ, ಮೂತ್ರ ಕಡಿಮೆಯಾದರೆ ಬೆಳಗಿನವರೆಗೆ ಕಾಯದೆ ವೈದ್ಯರನ್ನು ಕರೆಯಿಸಿರಿ.

ಆಗ ಸಾಧ್ಯವಾದಷ್ಟೂ ಆಂಟಿಬಯಾಟಿಕ್ ಶುರುವಾಗುವ ಮುನ್ನವೇ ಎರಡು ಬೇರೆ ಜಾಗಗಳಿಂದ, ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಬೇಕು. ವಯಸ್ಕರಲ್ಲಿ ಪ್ರತಿ ಬಾಟಲಿಗೆ 8ರಿಂದ 10 ಮಿಲಿ. ಒಂದೇ ಜಾಗದ ರಕ್ತದಲ್ಲಿ ಎಪಿಡರ್ಮಿಡಿಸ್ ಬೆಳೆದರೆ ಅದು ಚರ್ಮದಿಂದ ಸೇರಿದ ಕಲಬೆರಕೆಯೂ ಆಗಿರಬಹುದು, ಎರಡರಲ್ಲೂ ಬೆಳೆದರೆ ನಿಜವಾದ ಸೋಂಕಿನ ಸಾಧ್ಯತೆ ಹೆಚ್ಚು. ಆದರೆ ರೋಗಿ ರಕ್ತದೊತ್ತಡ ತೀರಾ ಕುಸಿದು ಆಘಾತದ (ಶಾಕ್) ಸ್ಥಿತಿಗೆ ಜಾರಿದ್ದರೆ ಔಷಧ ಒಂದು ಗಂಟೆಯೊಳಗೆ ದೇಹಕ್ಕೆ ಸೇರಬೇಕು, ಕಲ್ಚರ್‌ಗಾಗಿ ಅದನ್ನು ತಡೆಹಿಡಿಯಬಾರದು. ಎಪಿಡರ್ಮಿಡಿಸ್ ಕುಲದ್ದೇ ಆದ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದರೆ ಹೃದಯದ ಕವಾಟಗಳನ್ನು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ ನೋಡುತ್ತಾರೆ. ಈ ಆರಿಯಸ್ ಸೋಂಕಿಗೆ, ರಕ್ತ ಶುದ್ಧವಾಗಿದೆಯೆಂದು ಕಲ್ಚರ್ ತೋರಿಸಿದ ದಿನದಿಂದ ಕನಿಷ್ಠ 14 ದಿನ ಔಷಧ ನಡೆಯಬೇಕಾಗುವುದರಿಂದ, ಮೂರನೆಯ ದಿನ ಜ್ವರ ಬಿಟ್ಟಿತೆಂದು ಡಿಸ್ಚಾರ್ಜ್‌ಗೆ ಒತ್ತಾಯಿಸಬೇಡಿರಿ.