ಚರಕದ ಬಾವುಟ: ಒಗೆಯಬೇಡಿ, ಸುತ್ತಿಡಿ

ಹಳೇ ಟ್ರಂಕಿನಲ್ಲಿ ಖಾದಿ ಬಾವುಟವೊಂದು ಸಿಕ್ಕಿತೇ? ಮೊದಲು ಅದರ ಕಾಲ ಗುರುತಿಸಿ. ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಅದರ ಮೇಲೆ ದೊಡ್ಡ ಚರಕ ಇದ್ದರೆ 1921ರಿಂದ ಬಳಕೆಗೆ ಬಂದ ಮಾದರಿ. ಕೇಸರಿ, ಬಿಳಿ, ಹಸಿರಿನ ನಡುವೆ ಚರಕ ಇದ್ದರೆ 1931ರಲ್ಲಿ ಕಾಂಗ್ರೆಸ್ ಒಪ್ಪಿದ ಮಾದರಿ. ಮಂಡ್ಯ ಜಿಲ್ಲೆಯ ಶಿವಪುರದಲ್ಲಿ 1938ರಲ್ಲಿ ನಡೆದ ಧ್ವಜ ಸತ್ಯಾಗ್ರಹದ ಹೊತ್ತಿಗೆ ಚಾಲ್ತಿಯಲ್ಲಿದ್ದುದು ಇದೇ. ಅಶೋಕ ಚಕ್ರ ಬಂದದ್ದು 1947ರ ಜುಲೈ 22ರ ತೀರ್ಮಾನದಿಂದ.

ಎಲ್ಲರಿಗೂ ಮೊದಲು ಹೊಳೆಯುವುದು ಸೋಪಿನ ನೀರು. ಬೇಡ. ಹಳೆಯ ಕೆಂಪು, ಹಸಿರು ಬಣ್ಣ ಬಿಟ್ಟು ಬಿಳಿ ಪಟ್ಟಿಗೆ ಹತ್ತಿದರೆ ತೆಗೆಯಲು ದಾರಿಯಿಲ್ಲ. ಬಣ್ಣ ಗಟ್ಟಿಯಿದ್ದರೂ, ನೆನೆದ ಬಟ್ಟೆಯ ಭಾರಕ್ಕೆ ಜೀರ್ಣವಾದ ಮಡಿಕೆಯ ಗೆರೆಗಳು ಸೀಳುತ್ತವೆ. ಕಲೆಯೂ ಇತಿಹಾಸವೇ, ಇರಲಿ. ಇಸ್ತ್ರಿ, ಅಂಟು ಟೇಪು, ಲ್ಯಾಮಿನೇಷನ್ ಇವೂ ಬೇಡ.

ಬಾವುಟಕ್ಕಿಂತ ದೊಡ್ಡ ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ, ಕೈ ತೊಳೆದು ಒರೆಸಿಕೊಂಡು ಬಾವುಟ ಬಿಡಿಸಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎರಡೂ ಬದಿಯ ಫೋಟೊ ತೆಗೆಯಿರಿ. ತುಕ್ಕು ಹಿಡಿದ ಪಿನ್ನು ಸಲೀಸಾಗಿ ಬಂದರೆ ತೆಗೆಯಿರಿ, ಎಳೆಯಬೇಡಿ. ಧೂಳಿಗೆ: ಅಂಚು ಹೊಲಿದ ನೈಲಾನ್ ಸೊಳ್ಳೆ ಬಲೆಯ ತುಂಡನ್ನು ಮೇಲೆ ಹರಡಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಸೆಳೆತಕ್ಕಿಟ್ಟು, ಮೂತಿಯನ್ನು ಬಲೆಯಿಂದ ಅರ್ಧ ಇಂಚು ಮೇಲೆ ಹಿಡಿದು ಸಾಗಿಸಿ. ಉಜ್ಜಬೇಡಿ. ಹರಿದ ಕಡೆ ಮುಟ್ಟಲೇಬೇಡಿ.

ಗಂಜಿ ಹಾಕಿದ ಖಾದಿಗೆ ಸಿಲ್ವರ್‌ಫಿಶ್ ಹುಳ ಬರುತ್ತದೆ, ಅದಕ್ಕೆ ಬೇಕಿರುವುದು ಆ ಗಂಜಿಯೇ. ಹುಳದ ಗುರುತಿದ್ದರೆ ಬಾವುಟವನ್ನು ಬಟ್ಟೆಯಲ್ಲಿ ಸುತ್ತಿ, ಪಾಲಿಥಿನ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಅವಸರಪಟ್ಟರೆ ತಣ್ಣನೆ ಬಟ್ಟೆಯ ಮೇಲೆ ತೇವ ಕೂರುತ್ತದೆ. ಚರಕವನ್ನು ಪೇಂಟಿನಲ್ಲಿ ಬರೆದಿದ್ದರೆ ಈ ಹಂತವೇ ಬೇಡ, ಪೇಂಟು ಬಿರಿಯುತ್ತದೆ.

ಇನ್ನು ಸುತ್ತುವುದು. ಮಡಿಚಿಟ್ಟರೆ ಮಡಿಕೆಯಲ್ಲೇ ನೂಲು ತುಂಡಾಗುತ್ತದೆ. ಮೂರು ಇಂಚಿಗಿಂತ ಕಡಿಮೆಯಿಲ್ಲದ ವ್ಯಾಸದ, ಬಾವುಟದ ಅಗಲಕ್ಕಿಂತ ನಾಲ್ಕು ಇಂಚು ಉದ್ದದ ರಟ್ಟಿನ ಕೊಳವೆ ಸಾಕು. ರಟ್ಟಿನ ಆಮ್ಲ ಬಟ್ಟೆಗೆ ತಾಗದಂತೆ ಅದಕ್ಕೆ ಅಲ್ಯೂಮಿನಿಯಂ ಫಾಯಿಲ್, ಮೇಲೆ ಮಲ್ ಬಟ್ಟೆ ಸುತ್ತಿ. ಆ ಮಲ್ ಬಟ್ಟೆಯನ್ನು ಬಿಸಿನೀರಿನಲ್ಲಿ ಎರಡು ಸಲ ಕುದಿಸಿ ಗಂಜಿ ಪೂರಾ ಬಿಡಿಸಿರಬೇಕು. ಬಾವುಟದ ಜೊತೆ ಇನ್ನೊಂದು ಮಲ್ ತುಂಡನ್ನೂ ಸೇರಿಸಿ ಸಡಿಲವಾಗಿ ಸುತ್ತುತ್ತ ಹೋಗಿ. ಪೇಂಟು ಅಥವಾ ಕಸೂತಿ ಇದ್ದರೆ ಅದು ಹೊರಮುಖಕ್ಕಿರಲಿ. ಅಗಲ ಲಾಡಿಯಿಂದ ಕಟ್ಟಿ. ರಬ್ಬರ್ ಬ್ಯಾಂಡು ಹಾಕಿದರೆ ಅದು ಕರಗಿ ಅಂಟುತ್ತದೆ.

ಹರಿದದ್ದಕ್ಕೆ ಹಿಂದೆ ಬಟ್ಟೆ ಕೊಟ್ಟು ಹೊಲಿಯುವ ಆಸೆ ಬಿಡಿ. ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್ ಎಂಬ ಅಮೆರಿಕದ ಪ್ರಸಿದ್ಧ ಹಳೆಯ ಬಾವುಟಕ್ಕೆ 1914ರಲ್ಲಿ ಸುಮಾರು 17 ಲಕ್ಷ ಹೊಲಿಗೆ ಹಾಕಿ ಲಿನನ್ ಜೋಡಿಸಿದ್ದರು. 1998ರ ನಂತರ ಅದನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಪೇಂಟು ಉದುರುತ್ತಿದ್ದರೆ, ರೇಷ್ಮೆ ಪುಡಿಯಾಗುತ್ತಿದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ (ಪರಂಪರೆ ಉಳಿಸುವ ಸಂಸ್ಥೆ) ಸಂರಕ್ಷಣಾ ಕೇಂದ್ರವನ್ನು ಕೇಳಿ.

ಅಟ್ಟ, ಹೊರಗೋಡೆಗೆ ತಾಗಿದ ಬೀರು ಎರಡೂ ಬೇಡ. ಆರ್ದ್ರತೆ ಶೇ 65 ದಾಟಿದರೆ ಬೂಷ್ಟು ಬರುತ್ತದೆ, ಮಲೆನಾಡಿನವರಿಗೆ ಇದನ್ನು ಹೇಳಬೇಕಿಲ್ಲ. ನುಸಿಗುಳಿಗೆಗಿಂತ ಬಜೆ ಬೇರಿನ ಸಣ್ಣ ಗಂಟು ಮೇಲು, ಅದೂ ಬಟ್ಟೆಗೆ ತಾಗದಂತೆ. ಗೋಡೆಗೆ ತೂಗುಹಾಕಲು ಫೋಟೊ ಪ್ರತಿ ಸಾಕು: ವಸ್ತುಸಂಗ್ರಹಾಲಯಗಳಲ್ಲೂ ಇಂಥ ಬಟ್ಟೆಗೆ ಬೆಳಕು 50 ಲಕ್ಸ್ ಮೀರಿಸುವುದಿಲ್ಲ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಮಲ್ ಬಟ್ಟೆಯ ಮೇಲೆ ಮರಳಿನಂಥ ಹಿಕ್ಕೆ ಕಂಡರೆ ಮತ್ತೆ ಫ್ರೀಜರಿಗೆ.