ಹೆಜ್ಜೆಗೆ ಮೊದಲು ಕಿವಿ: ಬ್ಯೂನಸ್ ಐರಿಸ್‌ನಲ್ಲಿ ನಾನು ಟ್ಯಾಂಗೊ ಕಲಿತ ಬಗೆ

ವಿಲ್ಲಾ ಉರ್ಕೀಸಾ ಬಡಾವಣೆಯ ಸಂಡರ್ಲೆಂಡ್ ಕ್ಲಬ್ ಮೂಲತಃ ಆಟೋಟದ ಜಾಗ. ಬ್ಯಾಸ್ಕೆಟ್‌ಬಾಲ್ ಅಂಕಣದ ಸುತ್ತ ಮೇಜು ಹಾಕಿ ಬಟ್ಟೆ ಹೊದಿಸಿದರೆ ಅದೇ ಮಿಲೊಂಗಾ, ಅಂದರೆ ಊರಿನವರು ಸೇರಿ ಟ್ಯಾಂಗೊ ಕುಣಿಯುವ ಕೂಟ. ಮಂದ ಬೆಳಕಿಲ್ಲ, ವೇದಿಕೆಯಿಲ್ಲ. ಅಜ್ಜ ಅಜ್ಜಿಯರು ಮೊಮ್ಮಕ್ಕಳ ಜೊತೆ ಬಂದು ಎಂಪನಾದಾ ತಿನ್ನುತ್ತಾ ಕುಳಿತಿರುತ್ತಾರೆ. ಕೆಲಸಕ್ಕೆಂದು ಬೆಂಗಳೂರಿನಿಂದ ಬ್ಯೂನಸ್ ಐರಿಸ್‌ಗೆ ಬಂದು ಇಲ್ಲೇ ಉಳಿದುಕೊಂಡ ನಾನು ಟ್ಯಾಂಗೊ ಕಲಿತದ್ದು ಇಂಥ ಕೂಟಗಳಲ್ಲಿ, ಅದೂ ಹೆಚ್ಚಿನ ಪಾಲು ಕುರ್ಚಿಯ ಮೇಲೆ ಕುಳಿತು. ಹೆಜ್ಜೆ ಹೇಳಿಕೊಡುವವರು ಈ ಊರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಕುಳಿತು ಕಲಿಯುವುದು ಹೇಗೆಂದು ಹೇಳುವವರು ಕಡಿಮೆ.

ತರಗತಿಯ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ. ಎಂಟು ಎಣಿಕೆಯ ಮೂಲ ವಿನ್ಯಾಸವೊಂದನ್ನು ಕಲಿಸಿ, ಅದರ ಮೇಲೆ ವಾರಕ್ಕೊಂದು ಅಲಂಕಾರ ಪೇರಿಸುವ ತರಗತಿಗಳಿವೆ. ಅಲ್ಲಿಂದ ನಾನು ಬೇಗ ಎದ್ದು ಬಂದೆ. ಉಳಿದುಕೊಂಡದ್ದು ಪಾಠದ ಅರ್ಧ ಸಮಯವನ್ನು ಬರೀ ನಡಿಗೆಗೆ ಕೊಡುತ್ತಿದ್ದ ಒಬ್ಬ ಹಿರಿಯರ ಬಳಿ. ಟ್ಯಾಂಗೊದಲ್ಲಿ ಯಾವ ಕ್ಷಣದಲ್ಲೂ ಮೈಭಾರವೆಲ್ಲ ಒಂದೇ ಕಾಲಿನ ಮೇಲಿರಬೇಕು, ಇನ್ನೊಂದು ಕಾಲು ಹೊರಡಲು ಸಿದ್ಧವಾಗಿ ಖಾಲಿ ಇರಬೇಕು. ನನ್ನ ಭಾರ ಎಲ್ಲಿದೆ ಎಂಬುದನ್ನು ಜೊತೆಗಾರ ಎದೆಯ ಸ್ಪರ್ಶದಿಂದಲೇ ತಿಳಿಯುತ್ತಾನೆ. ಎರಡೂ ಕಾಲಿಗೆ ಹಂಚಿಕೊಂಡು ನಿಂತರೆ ಅವನಿಗೆ ದಾರಿ ಸಿಗುವುದಿಲ್ಲ. ಹಿಂದಕ್ಕೆ ಹೋಗುವಾಗ ಕಾಲು ಸೊಂಟದಿಂದ ಚಾಚಿ, ಹೆಬ್ಬೆರಳು ನೆಲವನ್ನು ಸವರಿಕೊಂಡು ಹೋಗಬೇಕು. ಭಾರ ಅದರ ಹಿಂದೆ ಬರುತ್ತದೆ. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವಳು ನಾನು. ಅರಮಂಡಿಯಲ್ಲಿ ಕುಳಿತು ನೆಲವನ್ನು ತಟ್ಟುವುದು ಮೈಗೆ ಗೊತ್ತಿತ್ತು, ಸವರುವುದು ಗೊತ್ತಿರಲಿಲ್ಲ. ಮನೆಯ ಉದ್ದನೆಯ ಓಣಿಯಲ್ಲಿ ಕಾಲುಚೀಲ ಹಾಕಿಕೊಂಡು ಹಿಂದಕ್ಕೆ ನಡೆದದ್ದೇ ನನ್ನ ನಿಜವಾದ ಪಾಠ. ಹಾಗೆಯೇ, ಮೊದಲ ಖರ್ಚು ಶೂಗಳಿಗೆ ಇರಲಿ. ಚರ್ಮದ ಅಟ್ಟೆಯಾಗಬೇಕು. ರಬ್ಬರ್ ಅಟ್ಟೆ ನೆಲವನ್ನು ಕಚ್ಚಿ ಹಿಡಿದಾಗ ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಸಿಕ್ಕಿಕೊಳ್ಳುವುದು ಮಂಡಿ.

ಇನ್ನು ಅಪ್ಪುಗೆ. ಕನ್ನಡದವರು ಕೇಳುವ ಮೊದಲ ಪ್ರಶ್ನೆ ಇದೇ, ಆದ್ದರಿಂದ ತಪ್ಪಿಸಿಕೊಳ್ಳುವುದಿಲ್ಲ. ಮಿಲೊಂಗಾಗಳಲ್ಲಿ ಕುಣಿಯುವ ಟ್ಯಾಂಗೊದಲ್ಲಿ ಎದೆಗೆ ಎದೆ ತಾಗಿರುತ್ತದೆ, ಕೆನ್ನೆ ಹತ್ತಿರವಿರುತ್ತದೆ, ಕಣ್ಣು ಮುಚ್ಚಿರುವುದೂ ಉಂಟು. ಫೋನಿನಲ್ಲಿ ಅಮ್ಮ ಕೇಳಿದರು: “ಅಲ್ಲವೇ, ಹೆಸರೂ ಗೊತ್ತಿಲ್ಲದವರ ಜೊತೆಯೇನೇ?”

“ಹೌದಮ್ಮ. ಒಂದು ಹತ್ತು ಹನ್ನೆರಡು ನಿಮಿಷ. ಆಮೇಲೆ ಅವರೇ ನನ್ನ ಕುರ್ಚಿಯವರೆಗೆ ಕರೆತಂದು ಬಿಟ್ಟು ಹೋಗುತ್ತಾರೆ.”

ಅಮ್ಮ ತುಸು ಯೋಚಿಸಿ, “ಹಾಗಾದರೆ ಮರ್ಯಾದಸ್ಥರೇ ಇರಬೇಕು” ಎಂದರು. ಅವರು ಹೇಳಿದ್ದು ಸರಿ. ಈ ಸಾಮೀಪ್ಯವನ್ನು ಸಾಧ್ಯವಾಗಿಸಿರುವುದು ಅದರ ಸುತ್ತ ಕಟ್ಟಿರುವ ಕಟ್ಟಳೆಗಳು. ಅವನ್ನು ಅರಿಯದೆ ಅಪ್ಪುಗೆಯನ್ನು ಮಾತ್ರ ಕಲಿಯಲು ಹೋದರೆ ಮುಜುಗರವೇ ಉಳಿಯುತ್ತದೆ.

ಆದರೆ ಕಟ್ಟಳೆಗೂ ಮೊದಲು ಸಂಗೀತ. ಮಿಲೊಂಗಾದಲ್ಲಿ ಹಾಡುಗಳು ಕಂತುಗಳಲ್ಲಿ ಬರುತ್ತವೆ. ಒಂದು ಕಂತಿಗೆ ತಾಂದಾ ಎನ್ನುತ್ತಾರೆ: ಒಂದೇ ವಾದ್ಯವೃಂದದ, ಸಾಮಾನ್ಯವಾಗಿ ಒಂದೇ ಗಾಯಕನ, ಒಂದೇ ಅವಧಿಯ ಮೂರು ನಾಲ್ಕು ಹಾಡುಗಳು. ಎರಡು ಟ್ಯಾಂಗೊ ತಾಂದಾ, ಒಂದು ವಾಲ್ಸ್, ಮತ್ತೆರಡು ಟ್ಯಾಂಗೊ, ಆಮೇಲೆ ಮಿಲೊಂಗಾ ಎಂಬ ಚುರುಕಾದ ಲಯದ್ದು. ಕೂಟಕ್ಕೂ ಈ ಲಯಕ್ಕೂ ಹೆಸರು ಒಂದೇ. ಎರಡು ಕಂತುಗಳ ನಡುವೆ ಕೊರ್ತಿನಾ ಎಂಬ ಸಂಬಂಧವಿಲ್ಲದ ತುಣುಕು ಸಂಗೀತ ಕೇಳಿಸಿದಾಗ ಅಂಕಣ ಖಾಲಿಯಾಗುತ್ತದೆ. ನುಡಿಸುವುದರಲ್ಲಿ ಬಹುಪಾಲು 1935ರಿಂದ 1955ರ ನಡುವೆ ಧ್ವನಿಮುದ್ರಣವಾದದ್ದು. ಸುವರ್ಣಯುಗ ಎಂದು ಇಲ್ಲಿಯವರು ಕರೆಯುವುದು ಅದನ್ನೇ.

ಈ ವೃಂದಗಳಲ್ಲಿ ಸಾಮಾನ್ಯವಾಗಿ ತಾಳವಾದ್ಯವಿಲ್ಲ. ಲಯವನ್ನು ಹೊರುವುದು ಡಬಲ್ ಬಾಸ್, ಪಿಯಾನೊದ ಎಡಗೈ, ಮತ್ತು ತಿದಿಯನ್ನು ಹಿಗ್ಗಿಸಿ ಕುಗ್ಗಿಸಿ ನುಡಿಸುವ ಬ್ಯಾಂಡೋನಿಯನ್. ತಾಳ ಎಣಿಸಿ ಕುಣಿದು ರೂಢಿಯಾದ ನನಗೆ ಇದೇ ದೊಡ್ಡ ತೊಡಕಾಯಿತು. ನಾನು ಹಿಡಿದ ದಾರಿ ಸರಳ: ವಾರಕ್ಕೊಂದು ವೃಂದ. ಬಸ್ಸಿನಲ್ಲಿ, ಮೆಟ್ರೊದಲ್ಲಿ, ಅಡುಗೆ ಮಾಡುವಾಗ ಅದೊಂದೇ. ಕಾರ್ಲೋಸ್ ದಿ ಸಾರ್ಲಿಯಿಂದ ಶುರು ಮಾಡಿದೆ, ಏಕೆಂದರೆ ಅವರ ಪಿಟೀಲುಗಳು ಉದ್ದುದ್ದವಾಗಿ ಎಳೆಯುತ್ತವೆ, ನಡೆಯಲು ಬೇಕಾದಷ್ಟು ಜಾಗವಿರುತ್ತದೆ, ಒಂದು ಸಾಲು ಮುಗಿಯುವಲ್ಲಿ ಅವರ ಪಿಯಾನೊ ಮುಂದಿನ ಸಾಲಿಗೆ ಕೈಹಿಡಿದು ದಾಟಿಸುತ್ತದೆ. ಹುವಾನ್ ದಾರಿಯೆನ್ಸೊ ಇದಕ್ಕೆ ತದ್ವಿರುದ್ಧ. 1935ರ ಕೊನೆಯಲ್ಲಿ ರೊದೊಲ್ಫೊ ಬಿಯಾಜಿ ಎಂಬ ಪಿಯಾನೊ ವಾದಕ ಅವರ ವೃಂದ ಸೇರಿದ ಮೇಲೆ ಪೆಟ್ಟು ಇನ್ನಷ್ಟು ಮೊನಚಾಯಿತು. ಲಯದ ದೊರೆ ಎಂದೇ ದಾರಿಯೆನ್ಸೊಗೆ ಬಿರುದು. ಅನಿಬಾಲ್ ತ್ರೊಯ್ಲೊ ಅವರ ವೃಂದದಲ್ಲಿ ಗಾಯಕ ಉಸಿರು ತೆಗೆದುಕೊಳ್ಳುವಲ್ಲಿ ನಾನೂ ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿದೆ. ಓಸ್ವಾಲ್ದೊ ಪುಗ್ಲಿಯೇಸೆ ಅವರನ್ನು ಕೊನೆಗೆ ಇಟ್ಟುಕೊಂಡೆ. ಅಲ್ಲಿ ಲಯ ಹಿಗ್ಗುತ್ತದೆ, ಕುಗ್ಗುತ್ತದೆ, ನಿಂತೇ ಬಿಡುತ್ತದೆ; ಪರಿಚಯವಿಲ್ಲದ ಜೊತೆಗಾರನೊಡನೆ ಪುಗ್ಲಿಯೇಸೆಗೆ ಹೋಗದಿರುವುದು ಕ್ಷೇಮ. ಅವರು ಕಮ್ಯುನಿಸ್ಟರು. ವೃಂದವನ್ನು ಸಹಕಾರ ಪದ್ಧತಿಯಲ್ಲಿ ನಡೆಸಿ ಗಳಿಕೆಯನ್ನು ಹಂಚಿಕೊಳ್ಳುತ್ತಿದ್ದರು. ಸರ್ಕಾರ ಅವರನ್ನು ಜೈಲಿಗೆ ಹಾಕಿದಾಗಲೆಲ್ಲ ವೃಂದದವರು ಪಿಯಾನೊದ ಮೇಲೆ ಒಂದು ಕೆಂಪು ಕಾರ್ನೇಷನ್ ಹೂವಿಟ್ಟು ಅವರಿಲ್ಲದೆಯೇ ನುಡಿಸಿದರು.

ಚಾಮರಾಜಪೇಟೆಯ ರಾಮನವಮಿ ಕಛೇರಿಗಳಿಗೆ ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಗಾಯಕರು ಆಲಾಪನೆಯ ಮೊದಲ ಸುಳುಹು ತೋರಿದ್ದೇ ತಡ, ಸುತ್ತ ಕುಳಿತವರು ರಾಗದ ಹೆಸರು ಪಿಸುಗುಟ್ಟುತ್ತಿದ್ದರು. ಮಿಲೊಂಗಾದ ಹಳಬರೂ ಹೀಗೆಯೇ: ನಾಲ್ಕು ಪೆಟ್ಟು ಕಿವಿಗೆ ಬೀಳುವಷ್ಟರಲ್ಲಿ ವೃಂದ ಯಾವುದು, ಗಾಯಕ ಯಾರು ಎಂದು ಅವರಿಗೆ ತಿಳಿದಿರುತ್ತದೆ. ನನ್ನ ಮೇಜಿನ ಹೆಂಗಸರೊಡನೆ ನಾನೂ ಹೆಸರು ಊಹಿಸುವ ಆಟಕ್ಕೆ ಇಳಿದೆ, ಸೋತವರು ಕಾಫಿ ಕೊಡಿಸಬೇಕು. ಬಹಳ ಕಾಫಿ ಕೊಡಿಸಿದ್ದೇನೆ.

ಈ ಕಿವಿ ಏಕೆ ಬೇಕು ಎಂದರೆ, ಕರೆಯುವ ಪದ್ಧತಿ ಅದರ ಮೇಲೆಯೇ ನಿಂತಿದೆ. ಯಾರೂ ಮೇಜಿನ ಬಳಿ ಬಂದು ಕೈಚಾಚಿ “ಬರುತ್ತೀರಾ?” ಎಂದು ಕೇಳುವುದಿಲ್ಲ. ಹಾಗೆ ಕೇಳುವುದು ಸಾಂಪ್ರದಾಯಿಕ ಕೂಟಗಳಲ್ಲಿ ಒರಟುತನ. ಹೊಸ ತಾಂದಾ ಶುರುವಾಗುತ್ತಿದ್ದಂತೆ ಗಂಡಸರು, ಹೆಂಗಸರು ದೂರದಿಂದಲೇ ತಮಗೆ ಬೇಕಾದವರ ಕಡೆ ನೋಡುತ್ತಾರೆ. ನೋಟ ಸೇರಿದರೆ ಒಬ್ಬರು ತಲೆಯನ್ನು ಕೊಂಚ ಆಡಿಸುತ್ತಾರೆ, ಇನ್ನೊಬ್ಬರು ಒಪ್ಪಿ ತಲೆದೂಗುತ್ತಾರೆ. ಇದೇ ಕಬೆಸೆಯೊ. ಬೇಡವಾದರೆ ಕಣ್ಣು ಬೇರೆಡೆ ತಿರುಗಿಸಿದರೆ ಮುಗಿಯಿತು. ನಿರಾಕರಣೆ ನಡೆದದ್ದು ಮೂರನೆಯವರಿಗೆ ಗೊತ್ತಾಗುವುದಿಲ್ಲ. ಕೆಲವು ಹಳೆಯ ಕೂಟಗಳಲ್ಲಿ ಗಂಡಸರನ್ನೂ ಹೆಂಗಸರನ್ನೂ ಎದುರುಬದುರು ಸಾಲಿನಲ್ಲಿ ಕೂರಿಸುವುದು ಈ ನೋಟಕ್ಕೆ ಅನುಕೂಲವಾಗಲೆಂದೇ. ಗಂಡಸರ ಮುಖವನ್ನು ದಿಟ್ಟಿಸಬಾರದೆಂದು ಬೆಳೆಸಿದ ಕಣ್ಣಿಗೆ ಇದು ಯಾವ ಹೆಜ್ಜೆಗಿಂತಲೂ ಕಷ್ಟ. ನಾನು ಮಾಡಿದ ಉಪಾಯ, ಮೊದಲು ಹಾಡನ್ನು ಕೇಳಿ ಈ ವೃಂದಕ್ಕೆ ಯಾರೊಡನೆ ಹೋಗಬೇಕೆಂದು ನಿರ್ಧರಿಸಿ, ಆಮೇಲೆ ಆ ಒಬ್ಬರತ್ತ ಮಾತ್ರ ನೋಡುವುದು. ಹುಡುಕುವ ಕಣ್ಣಿಗೆ ನಾಚಿಕೆ, ಗೊತ್ತುಮಾಡಿಕೊಂಡ ಕಣ್ಣಿಗೆ ಅಷ್ಟಿಲ್ಲ. ಇನ್ನೊಂದು ಮಾತು: ತಲೆದೂಗಿದ ಕೂಡಲೇ ಎದ್ದು ನಿಲ್ಲಬಾರದು. ಅವರು ನಿಮ್ಮ ಮೇಜಿನ ಮುಂದೆ ಬಂದು ನಿಲ್ಲುವ ತನಕ ಕುಳಿತೇ ಇರಬೇಕು, ಏಕೆಂದರೆ ಅವರು ನೋಡಿದ್ದು ನಿಮ್ಮ ಹಿಂದಿನ ಸಾಲಿನವರನ್ನೂ ಇರಬಹುದು. ದೂರದೃಷ್ಟಿ ಮಂದವಿದ್ದವರು ಕನ್ನಡಕ ಹಾಕಿಕೊಂಡೇ ಕುಳಿತುಕೊಳ್ಳಿ, ಅಂಕಣಕ್ಕೆ ಇಳಿಯುವಾಗ ತೆಗೆಯಬಹುದು.

ಅಂಕಣಕ್ಕೆ ಇಳಿದ ಮೇಲೆ ಎಲ್ಲರೂ ಅಪ್ರದಕ್ಷಿಣವಾಗಿ ಸುತ್ತುತ್ತಾರೆ. ಮುಂದಿನ ಜೋಡಿಯನ್ನು ಹಿಂದಿಕ್ಕುವಂತಿಲ್ಲ. ಸುತ್ತಿನೊಳಗೆ ಸೇರುವ ಗಂಡಸು, ಬರುತ್ತಿರುವ ಗಂಡಸಿನ ಕಣ್ಣು ನೋಡಿ ಒಪ್ಪಿಗೆ ಪಡೆದು ಸೇರುತ್ತಾನೆ. ಜನ ತುಂಬಿದ ರಾತ್ರಿ ಕಾಲು ಮೇಲೆತ್ತಿ ಬೀಸುವವರನ್ನು ಮುಂದೆ ಯಾರೂ ಕರೆಯುವುದಿಲ್ಲ. ಶಿಕ್ಷೆ ಅಷ್ಟೇ, ಆದರೆ ಸಾಕಷ್ಟಾಯಿತು. ಪ್ರತಿ ಹಾಡಿನ ಆರಂಭದಲ್ಲಿ ಜೋಡಿಗಳು ನಿಂತು ಹರಟುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಅದು ಈ ಊರಿನ ರೂಢಿ. ಒಬ್ಬರು ಅಪ್ಪುಗೆಗೆ ಕೈಯೆತ್ತಿದರೆ ಉಳಿದವರೂ ಎತ್ತುತ್ತಾರೆ. ತಾಂದಾ ಮುಗಿಯುವ ಮುನ್ನ “ಗ್ರಾಸಿಯಾಸ್” ಎನ್ನಬಾರದು. ಹೇಳಿದರೆ ‘ಸಾಕು, ನನ್ನನ್ನು ಬಿಟ್ಟುಬಿಡಿ’ ಎಂದಂತೆ. ನಮ್ಮ ಸೌಜನ್ಯಕ್ಕೆ ನಾಲಿಗೆ ತುದಿಯಲ್ಲೇ ಇರುವ ಧನ್ಯವಾದವನ್ನು ಕೊನೆಯ ಹಾಡಿನವರೆಗೆ ತಡೆದಿಟ್ಟುಕೊಳ್ಳಬೇಕು.

ಇಷ್ಟೊಂದು ಕಟ್ಟುಪಾಡು ಎಲ್ಲಿಂದ ಬಂತು? ನನಗೆ ಹೊಳೆದ ಉತ್ತರ ಈ ನಗರದ ಇತಿಹಾಸದಲ್ಲಿದೆ. 1778ರ ಜನಗಣತಿಯಲ್ಲಿ ಬ್ಯೂನಸ್ ಐರಿಸ್‌ನ ಸುಮಾರು ಶೇ. 30ರಷ್ಟು ಮಂದಿ ಆಫ್ರಿಕನ್ ಮೂಲದವರು. ಕಂದೊಂಬೆ ಎಂಬ ಅವರ ಡೋಲು ಕುಣಿತದ ಲಯ ಟ್ಯಾಂಗೊದ ಬುಡದಲ್ಲಿದೆ, ಪ್ರವಾಸಿ ಪ್ರದರ್ಶನಗಳು ಅದನ್ನು ನೆನೆಯುವುದು ಅಪರೂಪ. 1871ರ ಹಳದಿ ಜ್ವರಕ್ಕೆ ಹೆದರಿ ಸ್ಥಿತಿವಂತರು ನಗರದ ಸಾನ್ ತೆಲ್ಮೊ ಬಡಾವಣೆ ಬಿಟ್ಟು ಉತ್ತರಕ್ಕೆ ಹೋದರು. ಅವರ ದೊಡ್ಡ ಮನೆಗಳು ಕೋಣೆಗೊಂದು ಕುಟುಂಬದಂತೆ ವಲಸಿಗರ ವಠಾರಗಳಾದವು. 1914ರ ಹೊತ್ತಿಗೆ ನಗರದ ಸುಮಾರು ಅರ್ಧದಷ್ಟು ಜನ ಬೇರೆ ದೇಶದಲ್ಲಿ ಹುಟ್ಟಿದವರು, ಬಹಳಷ್ಟು ಮಂದಿ ಇಟಲಿ, ಸ್ಪೇನ್‌ಗಳಿಂದ ಬಂದವರು, ಅವರಲ್ಲೂ ಗಂಡಸರೇ ಹೆಚ್ಚು. ಹೆಂಗಸರೊಡನೆ ಕುಣಿಯುವ ಅವಕಾಶ ದುರ್ಲಭವಾದ ಕಡೆ ಗಂಡಸರು ಗಂಡಸರೊಡನೆಯೇ ಅಭ್ಯಾಸ ಮಾಡಿದರು. ಮೊದಲು ಹೆಂಗಸಿನ ಪಾತ್ರ ಕಲಿತು, ಆಮೇಲೆ ನಡೆಸುವುದನ್ನು ಕಲಿಯುವುದು ಅವರ ಕ್ರಮವಾಗಿತ್ತು. ಪರಸ್ಪರ ಗುರುತಿಲ್ಲದ, ಒಂದೇ ಭಾಷೆಯೂ ಇಲ್ಲದ ಜನ ಒಂದು ಅಂಗಳ ಹಂಚಿಕೊಳ್ಳಬೇಕಾದಾಗ ಮಾತಿಲ್ಲದೆ ಕರೆಯುವ, ಅವಮಾನವಿಲ್ಲದೆ ಒಲ್ಲೆನ್ನುವ ಪದ್ಧತಿ ಬೇಕೇ ಬೇಕು.

1955ರ ಮಿಲಿಟರಿ ಕ್ಷಿಪ್ರಕ್ರಾಂತಿಯ ನಂತರದ ವರ್ಷಗಳಲ್ಲಿ, ರಾಕ್ ಸಂಗೀತದ ಅಬ್ಬರವೂ ಸೇರಿ, ಈ ಕೂಟಗಳು ಸೊರಗಿದವು. 1983ರಲ್ಲಿ ಪ್ಯಾರಿಸ್‌ನಲ್ಲಿ ಗೆದ್ದ ಒಂದು ರಂಗಪ್ರದರ್ಶನ ಜಗತ್ತಿನ ಕಣ್ಣನ್ನು ಮತ್ತೆ ಇತ್ತ ತಿರುಗಿಸಿತು. 2009ರಲ್ಲಿ ಅರ್ಜೆಂಟೀನಾ ಮತ್ತು ಉರುಗ್ವೆ ಎರಡೂ ಜಂಟಿಯಾಗಿ ಟ್ಯಾಂಗೊವನ್ನು ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಅರ್ಜೆಂಟೀನಾ ಬ್ಯಾಂಡೋನಿಯನ್ ವಾದ್ಯದ ರಕ್ಷಣೆಗೆ ಕಾನೂನನ್ನೂ ಮಾಡಿತು. ಈ ವಾದ್ಯ ಜರ್ಮನಿಯದು. ಇಲ್ಲಿಯವರು ಪ್ರಾಣದಂತೆ ಕಾಯುವುದು ಸ್ಯಾಕ್ಸನಿಯ ಕಾರ್ಲ್ಸ್‌ಫೆಲ್ಟ್‌ನಲ್ಲಿ ಆಲ್ಫ್ರೆಡ್ ಆರ್ನಾಲ್ಡ್ ಕಾರ್ಖಾನೆ ಮಾಡಿದ ಹಳೆಯ ವಾದ್ಯಗಳನ್ನು. ಪಟ್ಟಿ, ಕಾನೂನು ಎಲ್ಲ ಒಳ್ಳೆಯದೇ. ಆದರೆ ಪರಂಪರೆ ಉಳಿಯುವುದು ಸಂಡರ್ಲೆಂಡ್‌ನಂಥ ಬಡಾವಣೆಯ ಕ್ಲಬ್ಬುಗಳು ಬಾಡಿಗೆ, ವಿದ್ಯುತ್ ಬಿಲ್ಲು ಕಟ್ಟಿಕೊಂಡು ಬಾಗಿಲು ತೆರೆದಿಟ್ಟಾಗ. ಊಟದ ಜೊತೆ ಟ್ಯಾಂಗೊ ತೋರಿಸುವ ದುಬಾರಿ ಪ್ರದರ್ಶನಕ್ಕೆ ಕೊಡುವ ಹಣದಲ್ಲಿ ಹಲವಾರು ಮಿಲೊಂಗಾಗಳ ಪ್ರವೇಶ ಚೀಟಿ ಬರುತ್ತದೆ, ನೆಂಟರು ಬಂದಾಗಲೆಲ್ಲ ನಾನು ಈ ಲೆಕ್ಕ ಹೇಳುತ್ತೇನೆ.

ಈಗ ಪ್ರಾಕ್ತಿಕಾ ಎಂಬ ಅಭ್ಯಾಸದ ಕೂಟಗಳಲ್ಲಿ ನಡೆಸುವ ಪಾತ್ರವನ್ನು ಕಲಿಯುತ್ತಿದ್ದೇನೆ. ಅಲ್ಲಿ ನಿಲ್ಲಿಸಿ, ಮಾತಾಡಿ, ಮತ್ತೆ ಮಾಡಬಹುದು. ಮಿಲೊಂಗಾದಲ್ಲಿ ಪಾಠ ಹೇಳುವುದು ನಿಷಿದ್ಧ. ಹೆಂಗಸರು ಹೆಂಗಸರನ್ನು ನಡೆಸುವುದು ಇಂದಿನ ಬ್ಯೂನಸ್ ಐರಿಸ್‌ನಲ್ಲಿ ವಿಶೇಷವೇನಲ್ಲ, ಕೆಲವು ಹಳೆಯ ಕೂಟಗಳಲ್ಲಿ ಮಾತ್ರ ಹುಬ್ಬೇರಿಸುತ್ತಾರೆ. ನಡೆಸುವವರಿಗೆ ಹೆಜ್ಜೆಗಿಂತ ದೊಡ್ಡ ಕೆಲಸ ಜಾಗ ಕಾಯುವುದು: ಮುಂದಿನವರು ನಿಂತರೆ ನನ್ನ ಜೊತೆಗಾತಿಗೆ ಗೊತ್ತಾಗದ ಹಾಗೆ ನಿಂತಲ್ಲೇ ಭಾರ ಬದಲಿಸುತ್ತಾ ಸಂಗೀತದೊಳಗೇ ಉಳಿಯಬೇಕು. ಕಣ್ಣು ಮುಚ್ಚಿ ಕುಣಿಯುತ್ತಿದ್ದ ಕಾಲದಲ್ಲಿ ಇದನ್ನೆಲ್ಲ ನನಗಾಗಿ ಯಾರೋ ಮಾಡುತ್ತಿದ್ದರು ಎಂದು ಈಗ ತಿಳಿಯುತ್ತಿದೆ.

ಈ ಊರಿಗೆ ಬರುವವರಿದ್ದರೆ ಮೊದಲು ಬೆಲ್ಗ್ರಾನೊ ಬಡಾವಣೆಯ ಉದ್ಯಾನದಲ್ಲಿರುವ ಲಾ ಗ್ಲೊರಿಯೆತಾ ಮಂಟಪಕ್ಕೆ ಸಂಜೆ ಹೋಗಿ. ಬಯಲಿನ ಕೂಟ, ಚಪ್ಪಟೆ ಶೂ ಸಾಕು. ಆಮೇಲೆ ಒಂದು ಮಧ್ಯಾಹ್ನದ ಮಿಲೊಂಗಾ, ಅದರ ನಂತರ ಸಾಲೋನ್ ಕ್ಯಾನಿಂಗ್ ಅಥವಾ ಸಂಡರ್ಲೆಂಡ್. ಬಾಗಿಲಲ್ಲಿ ಹೊಸಬರೆಂದು ಹೇಳಿದರೆ ಆಯೋಜಕರು ತಕ್ಕ ಕುರ್ಚಿ ತೋರಿಸುತ್ತಾರೆ. ಒಂದು ಬೀಸಣಿಗೆ, ಪುದೀನಾ ಮಿಠಾಯಿ ಚೀಲದಲ್ಲಿರಲಿ. ರಾತ್ರಿಯಿಡೀ ಬಸ್ಸುಗಳಿರುವುದರಿಂದ ಕೊನೆಯವರೆಗೂ ಕುಳಿತಿರಬಹುದು. ಕೊನೆಯ ಹಾಡು ಸಾಮಾನ್ಯವಾಗಿ ‘ಲಾ ಕುಂಪಾರ್ಸಿತಾ’, ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ಹೆರಾರ್ದೊ ಮಾತೋಸ್ ರೊದ್ರಿಗೇಸ್ ಹದಿಹರೆಯ ದಾಟುವ ವಯಸ್ಸಿನಲ್ಲಿ ರಚಿಸಿದ್ದು. ಅದನ್ನು ಮಾತ್ರ ಜೊತೆಯಲ್ಲಿ ಬಂದವರೊಡನೆಯೇ ಕುಣಿಯುವುದು ರೂಢಿ. ನಾನು ಒಬ್ಬಳೇ ಹೋಗುವವಳಾದ್ದರಿಂದ ಅಷ್ಟು ಹೊತ್ತಿಗೆ ಶೂ ಬಿಚ್ಚಿ ಚೀಲಕ್ಕೆ ಹಾಕಿರುತ್ತೇನೆ.